ಈಶಪ್ಪನ ಹಸಿರು ಚೀಟಿ

ಪೀಣ್ಯದ ಬೇರಿಂಗ್ ಕಾರ್ಖಾನೆಯಲ್ಲಿ ತಪಾಸಣೆ ಮಾಡುವ ಈಶಪ್ಪನ ಜೇಬಿನಲ್ಲಿ ಎರಡು ಬಗೆಯ ಚೀಟಿಗಳಿರುತ್ತವೆ: ಪಾಸಾದದ್ದಕ್ಕೆ ಹಸಿರು, ಫೇಲಾದದ್ದಕ್ಕೆ ಕೆಂಪು. ಹಸಿರು ಕಟ್ಟು ವರ್ಷಗಳಾದರೂ ಕರಗಿಲ್ಲ. ಮದುವೆಮನೆಯ ಹಪ್ಪಳವನ್ನೂ ಅಳೆದು, "ಸ್ಯಾಂಪಲ್ ಯಾವಾಗ್ಲೂ ಚೆನ್ನಾಗೇ ಇರುತ್ತೆ ಕಣ್ರೀ, ಇಡೀ ಲಾಟ್ ನೋಡ್ಬೇಕು" ಎನ್ನುವ ಆಸಾಮಿ. ಇಂಥವನಿಗೆ ಹೆಂಡತಿ ಮಹಾನಂದಾ 2011ರ ವಾರದ ಪ್ಲ್ಯಾನರ್ ಪುಸ್ತಕ ತಂದುಕೊಟ್ಟಳು. ಇವನದು ಬೆಳಗಿನ ಪಾಳಿ, ಅವಳದು ಔಷಧಿ ಕಾರ್ಖಾನೆಯಲ್ಲಿ ಮಧ್ಯಾಹ್ನ ಶುರುವಾಗುವ ಎರಡನೇ ಪಾಳಿ. ಅವಳು ಬರುವಾಗ ಇವನಿಗೆ ನಿದ್ದೆ, ಇವನು ಹೊರಡುವಾಗ ಅವಳಿಗೆ ನಿದ್ದೆ, ಭಾನುವಾರ ನೆಂಟರ ಪಾಲು. "ನಾವಿಬ್ರೂ ಬರೀ ಮಿಸ್ಡ್ ಕಾಲ್ ಆಗ್ಬಿಟ್ಟಿದೀವಿ, ಇದ್ರಲ್ಲಾದ್ರೂ ಸಿಗೋಣ" ಎಂದಳು. ಈಶಪ್ಪ ತಪಾಸಣೆಗೆಂದು ಪುಸ್ತಕಕ್ಕೆ ಗ್ರೀಸಿನ ಹೆಬ್ಬೆಟ್ಟು ಒತ್ತಿದ, ಸಾರು ಚೆಲ್ಲಿದ, ಲಗ್ಗೆರೆ ಬಸ್ಸಿನಲ್ಲಿ ಕಂಕುಳಲ್ಲಿಟ್ಟು ಹಿಂಡಿದ. ಭಾನುವಾರದ ಚೌಕ ಚಿಕ್ಕದೆಂದು ಕೆಂಪು ಚೀಟಿ ಅಂಟಿಸುವುದರಲ್ಲಿದ್ದ. ಅಷ್ಟರಲ್ಲಿ ಎದುರುಬದುರು ಪುಟಗಳಲ್ಲಿ ಇಬ್ಬರೂ ಬರೆದಿಟ್ಟ ಇಡೀ ವಾರ ಒಟ್ಟಿಗೆ ಕಂಡಿತು: ಅವನ ಪಾಳಿ ನೀಲಿಯಲ್ಲಿ, ಅವಳದು ನೇರಳೆಯಲ್ಲಿ, ನಡುವೆ ಗುರುವಾರ ಮಧ್ಯಾಹ್ನ ಇಬ್ಬರಿಗೂ ಖಾಲಿ! ಅಂದು ಅವಳ ಕಾರ್ಖಾನೆಯಲ್ಲಿ ಯಂತ್ರ ತೊಳೆಯುವುದರಿಂದ ಪಾಳಿ ಶುರುವಾಗುವುದೇ ಸಂಜೆ ಐದಕ್ಕೆ. ಅವಳಿರುವುದಿಲ್ಲವೆಂದು ಇವನು ಸಂತೆಗೆ, ಇವನು ಬರುವುದಿಲ್ಲವೆಂದು ಅವಳು ಮಾಕಳಿಯ ಅಕ್ಕನ ಮನೆಗೆ. ದಸರೆಯಿಂದ ಹೀಗೇ ನಡೆದಿತ್ತು. ಮುಂದಿನ ಗುರುವಾರ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕುತ್ತಾ ಮಹಾನಂದಾ ಕೆಣಕಿದಳು: "ಸ್ಯಾಂಪಲ್ ಚೆನ್ನಾಗಿದೆ, ಲಾಟ್ ನೋಡಲ್ವೇನ್ರೀ?" "ಲಾಟೇ ಪಾಸು ಕಣೇ!" ಎಂದು ಈಶಪ್ಪ ಪುಟ ತಿರುಗಿಸುತ್ತಾ ಗುರುವಾರಕ್ಕೊಂದರಂತೆ ಹಸಿರು ಚೀಟಿ ಅಂಟಿಸತೊಡಗಿದ, ಡಿಸೆಂಬರ್ ಪುಟ ತಲುಪುವಷ್ಟರಲ್ಲಿ ಹಸಿರು ಕಟ್ಟು ಖಾಲಿಯಾಗಿತ್ತು.