ಗಾಳಿ ಒಯ್ಯುವುದಿಲ್ಲ

ಮೊನ್ನೆ ನಮ್ಮ ಸಣ್ಣ ಮೊಮ್ಮಗಳು ಆದವಾನಿಯಿಂದ ತರಿಸಿದ ಹೊಸ ಪುಸ್ತಕವೊಂದನ್ನು ನನ್ನ ತೊಡೆಯ ಮೇಲೆ ಇಟ್ಟಳು. ಜಾಣ ಮಕ್ಕಳನ್ನು ಆರಿಸುವ ವಸತಿ ಶಾಲೆಯ ಪರೀಕ್ಷೆಗೆ ಓದುವ ಪುಸ್ತಕ. ಇನ್ನೂ ಅಂಟಿನ ವಾಸನೆ ಹೋಗಿರಲಿಲ್ಲ. ತೆರೆದ ಪುಟದಲ್ಲಿ ಒಂದು ಹಳದಿ ಹೂವು, ಕೆಳಗೆ ನಾಲ್ಕು ಚಿತ್ರಗಳು: ಜೇನುಹುಳ, ಚಿಟ್ಟೆ, ಗಾಳಿ, ಮನುಷ್ಯನ ಕೈ. ಇವುಗಳಲ್ಲಿ ಹೂವಿನಿಂದ ಹೂವಿಗೆ ಪರಾಗವನ್ನು ಒಯ್ಯದಿರುವುದು ಯಾವುದು?

ಆ ಪ್ರಶ್ನೆ ಮೊದಲೇ ಒಮ್ಮೆ ನನ್ನ ಕಿವಿಗೆ ಬಿದ್ದಿತ್ತು. ಇಪ್ಪತ್ತು ವರ್ಷದ ಮೇಲಾಯಿತು... ಕೇಳಿದ್ದು ನನ್ನನ್ನಲ್ಲ, ಪಕ್ಕದ ಮನೆಯ ಹುಡುಗಿಯನ್ನು. ಮಕ್ಕಳೇ, ಬಾಯಿಬಿಟ್ಟು ಹೇಳಲು ನನಗೆ ಎಂದೂ ಬರಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಆಗ ನಾವು ಆಂಧ್ರದ ಹಾಲಹರವಿ ಕಡೆಯ ಊರಿನಲ್ಲಿದ್ದೆವು. ನಿಮ್ಮ ತಾತ ತೀರಿಕೊಂಡು ಎರಡು ವರ್ಷವಾಗಿತ್ತು. ಓಣಿಯ ಹೆಂಗಸರು, ಹುಡುಗಿಯರು ಎಲ್ಲರೂ ಹತ್ತಿ ಬೀಜದ ಹೊಲಕ್ಕೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ನಾಳೆ ಅರಳುವ ಮೊಗ್ಗನ್ನು ಇಂದು ಸಂಜೆಯೇ ಉಗುರಿನಿಂದ ಬಿಚ್ಚಿ, ಒಳಗಿನ ಪರಾಗದ ಕೇಸರಗಳನ್ನೆಲ್ಲ ತೆಗೆದು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದರ ಪರಾಗವನ್ನು ಇದಕ್ಕೆ ಸವರಬೇಕು. ಬಿಸಿಲು ಏರುವುದರೊಳಗೆ ಆಗದಿದ್ದರೆ ಆ ಹೂವು ಕಾಯಿ ಕಟ್ಟುವುದಿಲ್ಲ. ಸಣ್ಣ ಬೆರಳಿನವರು ಚೆನ್ನಾಗಿ ಮಾಡುತ್ತಾರೆಂದು ಹುಡುಗಿಯರನ್ನೇ ಹೆಚ್ಚು ಕರೆಯುತ್ತಿದ್ದರು.

ಆ ಹುಡುಗಿ ಆಗ ಐದನೇ ತರಗತಿ. ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದಳು. ಯಾವ ಮೊಗ್ಗು ನಾಳೆ ಅರಳುತ್ತದೆ, ಯಾವುದು ನಾಡಿದ್ದು ಎಂದು ಸಾಲಿನ ತುದಿಯಲ್ಲಿ ನಿಂತೇ ಹೇಳುತ್ತಿದ್ದಳು. ಶಾಲೆಯ ಮೇಷ್ಟ್ರು ಎಲ್ಲ ಮಕ್ಕಳಿಗೂ ಚಿತ್ರದ ಸಾಲು ಕೊಟ್ಟು, ಮುಂದಿನ ಚಿತ್ರ ಯಾವುದು ಬರಬೇಕೆಂದು ಕೇಳಿದಾಗ ಅವಳೊಬ್ಬಳೇ ಎಲ್ಲವನ್ನೂ ಸರಿಯಾಗಿ ಹೇಳಿದ್ದಳಂತೆ. ಮೇಷ್ಟ್ರೇ ಆದವಾನಿಯ ವಸತಿ ಶಾಲೆಗೆ ಅರ್ಜಿ ತುಂಬಿದರು. ಉತ್ತರದ ಮುಂದಿನ ಗುಂಡುಗಳನ್ನು ಪೆನ್ಸಿಲಿನಿಂದ ತುಂಬುವ ಪರೀಕ್ಷೆಯಲ್ಲೂ ಅವಳು ಗೆದ್ದಳು. ಉಳಿದದ್ದು ಬಾಯಿ ಪರೀಕ್ಷೆ ಒಂದೇ. ಅದರಲ್ಲಿ ಪಾಸಾದರೆ ಹನ್ನೆರಡನೇ ತರಗತಿಯವರೆಗೂ ಊಟ, ಬಟ್ಟೆ, ಪುಸ್ತಕ ಎಲ್ಲ ಅಲ್ಲೇ. ಇಲ್ಲವಾದರೆ ಹೊಲ.

ಅವಳ ತಾಯಿ ಆ ಪರೀಕ್ಷೆಯ ಹಿಂದಿನ ಸಂಜೆ ನಮ್ಮ ಮನೆಗೆ ಬಂದಳು. "ಅಕ್ಕಾ, ನೀನ ಕರ್ಕೊಂಡು ಹೋಗಿ ಬಾ. ನಾವು ಗಂಡಹೆಂಡ್ತಿ ಬಂದ್ರ ಇವತ್ತು ಬಿಚ್ಚಿದ ಮೊಗ್ಗು ಅಷ್ಟೂ ಹಾಳಾಗ್ತಾವ, ಹೊಲದ ರೆಡ್ಡಿ ಸುಮ್ನಿರಲ್ಲ."

"ನನಗ ಅಲ್ಲಿ ಮಾತಾಡಾಕ ಬರಲ್ಲವ್ವಾ" ಎಂದೆ.

"ನೀ ಯಾಕ ಮಾತಾಡ್ತಿ, ಮಾತಾಡೋದು ಆಕಿ. ಒಂದ ನೆಪ್ಪಿಡು. ಕ್ರಾಸಿಂಗ್ ಕೆಲಸಕ್ಕ ಹೋಗ್ತಾಳ ಅಂತ ಮಾತ್ರ ಅಲ್ಲಿ ತಿಳಿಬಾರದು. ಸಣ್ಣ ಹುಡುಗೀರನ್ನ ಕೆಲಸಕ್ಕ ಕಳಿಸಿದ್ರ ಕೇಸು ಅಂತಾರ. ಸೀಟೂ ಹೋಗ್ತೈತಿ, ರೆಡ್ಡಿ ಕೆಲಸಾನೂ ಹೋಗ್ತೈತಿ."

ಬೆಳಿಗ್ಗೆ ಅವಳ ತಾಯಿ ಹುಣಸೆಹಣ್ಣು ಹಚ್ಚಿ ಮಗಳ ಬೆರಳು ತಿಕ್ಕಿದಳು. ಉಗುರಿನ ಸಂದಿಯ ಹತ್ತಿಯ ಕರೆ ಹೋಗುವವರೆಗೂ ತಿಕ್ಕಿದಳು. ಬಸ್ಸಿನಲ್ಲಿ ನಾನೂ ಅದನ್ನೇ ಮೂರು ಸಲ ಹೇಳಿದೆ. "ಹೊಲಕ್ಕ ಹೋಗ್ತಿಯೇನು ಅಂದ್ರ ಇಲ್ಲ ಅನ್ನು." ಅವಳು ಕಿಟಕಿಯಾಚೆ ನೋಡುತ್ತ, "ಹೂಂ ದೊಡ್ಡಮ್ಮ, ನನಗೇನು ಕಿವಿ ಕೇಳಲ್ಲೇನು?" ಎಂದಳು.

ಆದವಾನಿಯ ಆ ಶಾಲೆಯ ಕೋಣೆಯಲ್ಲಿ ಮೇಜಿನ ಹಿಂದೆ ಕನ್ನಡಕದ ಒಬ್ಬ ಅಧಿಕಾರಿ ಕೂತಿದ್ದರು. ನಾನು ಬಾಗಿಲ ಪಕ್ಕದ ಬೆಂಚಿನ ಮೇಲೆ. ಅವರು ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿದರು. ಅವಳು ಪಟಪಟನೆ ಹೇಳಿದಳು.

"ಬಂಗಾರು ತಲ್ಲಿ" ಎಂದು ತೆಲುಗಿನಲ್ಲಿ ಹೊಗಳಿ ನಕ್ಕರು. "ಇದೊಂದು ಹೇಳಿಬಿಡಮ್ಮಾ, ನಿನ್ನ ಸೀಟು ನಿಂದೇ."

ಹಳದಿ ಹೂವು ಮತ್ತು ಅದೇ ನಾಲ್ಕು ಚಿತ್ರ.

"ಗಾಳಿ ಸಾರ್" ಎಂದಳು.

"ಗಾಳಿನಾ? ಮನುಷ್ಯ ಏನು ರೆಕ್ಕೆ ಕಟ್ಕೊಂಡು ಹೂವಿನ ಮೇಲೆ ಕೂಡ್ತಾನೇನಮ್ಮಾ?"

"ಗಾಳಿ ಒಯ್ಯಲ್ಲ ಸಾರ್. ಅದು ಅಂಟು ಇರ್ತೈತಿ. ಕೈಯಿಂದನ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಅಂಟು ಅಂತ ನಿನಗೆ ಹೇಗೆ ಗೊತ್ತು? ಎಲ್ಲಿ ನೋಡಿದಿ?"

ಅವಳು ತಿರುಗಿ ನನ್ನನ್ನು ನೋಡಿದಳು.

ಜೋಳದ ಪರಾಗ ಗಾಳಿಗೆ ಹಾರುತ್ತದೆ, ಹತ್ತಿಯದ್ದು ಹಾರುವುದಿಲ್ಲ. ಹಾರುವಂತಿದ್ದರೆ ನಮ್ಮನ್ನು ಯಾರು ಕರೆಯುತ್ತಿದ್ದರು? ಕಾರ್ಡಿನ ಮೇಲಿದ್ದದ್ದು ಹತ್ತಿಯ ಹೂವಿನಂಥದೇ ಹೂವು. ಸಾರ್, ಇದು ಹತ್ತಿ ಹೂವಾದರೆ ಹುಡುಗಿ ಹೇಳಿದ್ದು ಸರಿ, ನಾನು ಹೊಲದಲ್ಲಿ ದುಡಿಯುವವಳು, ನನಗೆ ಗೊತ್ತು... ಇಷ್ಟೇ ಹೇಳಬೇಕಿತ್ತು. ಅವಳ ಹೆಸರು ಎತ್ತದೆ, ನನ್ನ ಕೆಲಸವೆಂದೇ ಹೇಳಬಹುದಿತ್ತು. ನನ್ನ ಮೇಲೆ ಯಾರೂ ಕೇಸು ಹಾಕುತ್ತಿರಲಿಲ್ಲ. ಆದರೆ ಆ ಉಪಾಯ ನನಗೆ ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಆ ಕೋಣೆಯಲ್ಲಿ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದೆ.

ಅಧಿಕಾರಿ ಕೆಟ್ಟವರಲ್ಲ. "ಕಾರಣ ಗೊತ್ತಿಲ್ಲದೆ ಹೇಳಿದರೆ ಅದನ್ನ ಊಹೆ ಅಂತೀವಮ್ಮಾ" ಎಂದು ಮೆತ್ತಗೆ ಹೇಳಿ ಕಾಗದದ ಮೇಲೆ ಏನೋ ಗೀಚಿದರು.

ಬಸ್ಸಿನಲ್ಲಿ ಅವಳು ಅಳಲಿಲ್ಲ. ನಮ್ಮ ಊರು ಹತ್ತಿರ ಬಂದಾಗ, "ನಿನಗೂ ಗೊತ್ತಿತ್ತಲ್ಲ ದೊಡ್ಡಮ್ಮ" ಎಂದಳು. ನಾನು ಇಳಿಯಲು ಚೀಲ ಎತ್ತಿಕೊಂಡೆ. ಬಸ್ಸಿಳಿದವಳು ಮನೆಗೆ ಹೋಗಲಿಲ್ಲ. ಪರೀಕ್ಷೆಯ ಲಂಗದಲ್ಲೇ ಹೊಲಕ್ಕೆ ಹೋಗಿ ಸಂಜೆಯ ಮೊಗ್ಗು ಬಿಚ್ಚಲು ನಿಂತಳು. ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಮೇಷ್ಟ್ರು, "ಒಂದೇ ಮಾರ್ಕು ಕಡಿಮಿ" ಎಂದು ಎಲ್ಲರ ಎದುರೂ ಹೇಳಿಕೊಂಡು ತಿರುಗಿದರು. ಯಾವ ಮಾರ್ಕು ಎಂದು ನನಗೆ ಗೊತ್ತಿತ್ತು. ಅವಳ ತಾಯಿಗೂ ನಾನು ಹೇಳಲಿಲ್ಲ.

ಮರುವರ್ಷದಿಂದ ಅವಳು ಶಾಲೆಗೆ ಹೋಗಲೇ ಇಲ್ಲ. ನನ್ನನ್ನು ದೊಡ್ಡಮ್ಮ ಎನ್ನುವುದನ್ನೂ ಬಿಟ್ಟಳು. ಬೇಕಾದಾಗ "ಏ ಅಕ್ಕಾ" ಎನ್ನುತ್ತಿದ್ದಳು, ದಾರಿಯಲ್ಲಿ ಹೋಗುವವರನ್ನು ಕರೆದಂತೆ... ಆಮೇಲೆ ಮಂತ್ರಾಲಯದ ಕಡೆಗೆ ಲಗ್ನವಾಗಿ ಹೋದಳು.

ಹೋದ ವರ್ಷ ಆದವಾನಿ ಬಸ್‌ಸ್ಟ್ಯಾಂಡಿನ ಹೊರಗೆ ಅವಳನ್ನು ಕಂಡೆ. ಈಗ ಅವಳು ಮೇಸ್ತ್ರಿ. ಕ್ರಾಸಿಂಗ್ ಹೊಲಗಳಿಗೆ ಆಳು ಕೂಡಿಸಿ ಆಟೋದಲ್ಲಿ ಒಯ್ಯುತ್ತಾಳೆ. ಹೊಸದಾಗಿ ಬಂದ ಒಂದು ಹುಡುಗಿಯ ಕೈಗೆ ಹತ್ತಿ ಮೊಗ್ಗು ಕೊಟ್ಟು, "ಬಿಚ್ಚು ನೋಡಾನ" ಎನ್ನುತ್ತಿದ್ದಳು. ಹುಡುಗಿ ಬಿಚ್ಚಿದಳು. ಕಾಯಿ ಕಟ್ಟಲು ಬೇಕಾದ ನಡುವಿನ ಕಡ್ಡಿ ಮುರಿದಿರಲಿಲ್ಲ. "ಜಾಣಿ ಅದಾಳ, ಹತ್ತಿಸ್ಕೊ" ಎಂದು ಆಟೋದವನಿಗೆ ಹೇಳಿದಳು. ನನ್ನ ಕಡೆ ನೋಡಿದಳು. ಗುರುತು ಸಿಕ್ಕಿತು ಅಂತ ನನಗೆ ಗೊತ್ತಾಯಿತು. ಅವಳು ಆಟೋ ಹತ್ತಿದಳು. ನಾನು ಬಸ್ಸಿನ ಕಡೆ ನಡೆದೆ.

"ಅಜ್ಜೀ, ಯಾವುದಕ್ಕ ಹಾಕ್ಲಿ ಹೇಳು" ಎಂದು ಮೊಮ್ಮಗಳು ಪೆನ್ಸಿಲು ಹಿಡಿದು ಕೂತಿದ್ದಳು. ನಾನು ಪುಸ್ತಕದ ಹಿಂಭಾಗದ ಉತ್ತರದ ಪುಟ ತಿರುವಿ ನೋಡಿದೆ. ಮನುಷ್ಯನ ಕೈ ಎಂದೇ ಅಚ್ಚಾಗಿತ್ತು.

"ಕೈಗೇ ಹಾಕು" ಎಂದೆ. ಅಂದು ಆ ಕೋಣೆಯಲ್ಲಿ ಬಾರದ ದನಿ ಎಷ್ಟು ಸಲೀಸಾಗಿ ಬಂತು... ಮಗು ಆ ಗುಂಡನ್ನು ಅಂಚು ದಾಟದಂತೆ ಕಪ್ಪಗೆ ತುಂಬಿತು.