ಮಾರ್ಕಿಲ್ಲದೆ ವಾಪಸ್ ಬಂದ ಲೆಕ್ಕ

ಮೇಷ್ಟ್ರು ವಾಪಸ್ ಕೊಟ್ಟ ಲೆಕ್ಕದ ಹಾಳೆಯನ್ನು ಗೆಳೆಯ ಕರೀಂ ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲೂ ಮಾರ್ಕು ಇರಲಿಲ್ಲ. ಒಂದು ಸಾಲಿನ ಕೆಳಗೆ ಕೆಂಪು ಗೆರೆ ಮಾತ್ರ ಇತ್ತು.

ಮಹಾರಾಜರ ಕಾಲದಲ್ಲಿ ನಾವು ಎಂಜಿನಿಯರಿಂಗ್ ಓದುತ್ತಿದ್ದಾಗ ಹನಗೋಡಿನ ಹೊಳೆದಂಡೆಯಲ್ಲಿ ನಡೆದ ಸರ್ವೆ ಕ್ಯಾಂಪಿನ ಮಾತಿದು. ನೆಲದ ಏರುತಗ್ಗು ಅಳೆದು ಬಂದು, ಡೇರೆಯಲ್ಲಿ ಲೆಕ್ಕ ಮಾಡಿ ಒಪ್ಪಿಸಬೇಕಿತ್ತು. ಹುಣಸೂರಿನ ಮರದ ವ್ಯಾಪಾರಿಯ ಮಗ ಕರೀಂಗೆ ದಿನವೂ ಕಡಿಮೆ ಮಾರ್ಕು ಬರುತ್ತಿತ್ತು, ಅವನು ಓದು ಬಿಟ್ಟು ಅಪ್ಪನ ಮಂಡಿ ಸೇರುವ ಮಾತಾಡುತ್ತಿದ್ದ.

“ಮಾರ್ಕೇ ಇಲ್ವಲ್ಲ ಸಾ, ನಾನ್ ಎಂಗ್ ಮಾಡಿವ್ನಿ ಅಂತ ಎಂಗ್ ಗೊತ್ತಾಗ್ತದೆ?” ಎಂದ.

“ಎಲ್ಲಿ ತಪ್ಪಿದೆ ಅಂತ ತೋರಿಸಿದ್ದೀನಲ್ಲಯ್ಯ. ತಿದ್ಕೊಂಡು ಬಾ, ಆಮೇಲೆ ಹಾಕ್ತೀನಿ,” ಎಂದರು ಮೇಷ್ಟ್ರು.

ಕರೀಂ ನನ್ನನ್ನೂ ಕರೆದುಕೊಂಡು ಹೊಳೆದಂಡೆಗೆ ಹೋದ. ಕೆಂಪು ಗೆರೆಯ ಸಾಲಿನಲ್ಲಿ ಬರೆದ ಜಾಗದಲ್ಲಿ ನೆಲ ಏರಿತ್ತು, ಅವನ ಲೆಕ್ಕದಲ್ಲಿ ಇಳಿದಿತ್ತು. ಕೂಡುವ ಬದಲು ಕಳೆದಿದ್ದ. ಅಲ್ಲೇ ಕಲ್ಲಿನ ಮೇಲೆ ಕೂತು ತಿದ್ದಿದ. ಮಂಡಿಯ ಮಾತು ಮತ್ತೆ ಬರಲಿಲ್ಲ. ಆ ದಿನ ಮೇಷ್ಟ್ರು ಯಾರಿಗೂ ಮಾರ್ಕು ಹಾಕಿರಲಿಲ್ಲ; ಮಾರ್ಕಿಲ್ಲವೆಂದು ಲೆಕ್ಕವನ್ನೇ ಮುಟ್ಟದವರೂ ನಮ್ಮ ಡೇರೆಯಲ್ಲಿದ್ದರು ಎಂಬುದೂ ನಿಜ.

ಮುಂದೆ ನಾನೂ ಎಂಜಿನಿಯರಿಂಗ್ ಹುಡುಗರಿಗೆ ಪಾಠ ಹೇಳಿದೆ. ಮಾರ್ಕು ಹಾಕುವುದನ್ನು ಬಿಡಲಿಲ್ಲ, ಆದರೆ ಅವರು ತಿದ್ದಿ ತರುವವರೆಗೂ ಹಾಕುತ್ತಿರಲಿಲ್ಲ.