ಸಿಪಾಯಿಯ ಬೂಟಿಗೆ ಹಚ್ಚಿದ ಮಣ್ಣು

ವಾರಕ್ಕೆ ಆರು ದಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೂತು, ತುಕ್ಕಿನ ಚುಕ್ಕೆ ಕಂಡ ಬಿಡಿಭಾಗಗಳನ್ನೆಲ್ಲ ತೆಗೆದು ಹೊರಗೆ ಹಾಕುವುದು ನನ್ನ ಉದ್ಯೋಗ. ಏಳನೆಯ ದಿನ ಬಾಗಲಗುಂಟೆಯ ಬಾಡಿಗೆ ಮನೆಯ ಕಿಟಕಿಯ ಬಳಿ ಕೂತು, ಹೆಬ್ಬೆರಳ ಗಾತ್ರದ ಸಿಪಾಯಿಗಳ ಕತ್ತಿ ಗುರಾಣಿಗಳಿಗೆ ಕುಂಚದಿಂದ ತುಕ್ಕು ಹಚ್ಚುವುದು ನನ್ನ ಹುಚ್ಚು. ಈ ಎರಡೂ ಒಂದೇ ತಲೆಯಲ್ಲಿ ಹೇಗೋ ಹಿಡಿಸಿವೆ.

ಇವು ಆಟದ ಸಿಪಾಯಿಗಳು. ಮೇಜಿನ ಮೇಲೆ ಗುಡ್ಡ, ಪಾಳುಗೋಡೆ ಕಟ್ಟಿ, ಎರಡು ಕಡೆ ಪಡೆ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಮಾಡುವ ಆಟ. ತಿಂಗಳಿಗೊಮ್ಮೆ ವೈಟ್‌ಫೀಲ್ಡಿನ ಗೆಳೆಯನ ಮನೆಗೆ ಹೋಗಿ ಸೋತು ಬರುತ್ತೇನೆ. ಸೋಲುವುದಕ್ಕಾಗಿ ಎರಡು ತಾಸು ಟ್ರಾಫಿಕ್ಕಿನಲ್ಲಿ ಕೂರುವ ದಂಡನಾಯಕ ಚರಿತ್ರೆಯಲ್ಲಿ ಇನ್ನೊಬ್ಬನಿರಲಾರ. ನನ್ನ ಹೆಂಡತಿ ದಾವಣಗೆರೆಯವಳು. "ಏನ್ರೀ, ನಲವತ್ನಾಕು ವರ್ಷ ಆತು, ಇನ್ನೂ ಗೊಂಬಿಗೆ ಬಣ್ಣ ಹಚ್ಚಿಕೋತ ಕೂತೀರಲ್ಲ" ಎನ್ನುತ್ತಾಳೆ. ಒಮ್ಮೆಯಾದರೂ ಗೆದ್ದು ಬಂದಿದ್ದರೆ ಎದುರು ಮಾತಾಡಬಹುದಿತ್ತು.

ಹೊಸ ಬಣ್ಣದ ಸಿಪಾಯಿ ಮದುವೆಗೆ ಹೊರಟವನ ಹಾಗೆ ಕಾಣುತ್ತಾನೆ. ಯುದ್ಧಕ್ಕೆ ಹೋಗಿ ಬಂದವನು ಎಂದು ಯಾರೂ ನಂಬುವುದಿಲ್ಲ. ಅವನನ್ನು ಹಳತು ಮಾಡಬೇಕು. ಎಲ್ಲೆಂದರಲ್ಲಿ ಬಳಿದರೆ ಆಗದು. ಕೈ ತಾಗುವಲ್ಲಿ ಬಣ್ಣ ಸವೆಯಬೇಕು, ನೀರು ನಿಲ್ಲುವಲ್ಲಿ ತುಕ್ಕು ಹಿಡಿಯಬೇಕು, ನಡೆದ ಕಾಲಿಗೆ ಕೆಸರು ಮೆತ್ತಬೇಕು. ಅಂದರೆ, ಎಂದೂ ನಡೆಯದವನಿಗೆ ನಡೆದು ಬಂದ ದಾರಿಯೊಂದನ್ನು ಕೊಡಬೇಕು. ಯೋಚಿಸಿದರೆ ಸ್ವಲ್ಪ ಭಯದ ಕೆಲಸವೇ. ಮೂರ್ತಿ ಕೆತ್ತುವವರು ಕಣ್ಣನ್ನು ಕೊನೆಗೆ ಬಿಡಿಸುತ್ತಾರಲ್ಲ. ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ. ನನ್ನ ಸಿಪಾಯಿಗಳಿಗೆ ಕಣ್ಣೇ ಇರಲಿಲ್ಲ. ಶಾಸ್ತ್ರಕ್ಕೆ ಹೆದರಿ ಅಲ್ಲ, ನನ್ನ ಕೈ ನಡುಗುತ್ತದೆ. ಶಿರಸ್ತ್ರಾಣದ ಕೆಳಗೆ ಕಪ್ಪು ನೆರಳು ಬಳಿದು ಪಾರಾಗುತ್ತಿದ್ದೆ.

ಕೆಸರಿಗೆ ಮಾತ್ರ ನಿಜವಾದ ಮಣ್ಣೇ ಆಗಬೇಕು. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಒಡತಿ ಗೌರಮ್ಮನವರು ತುಮಕೂರು ರಸ್ತೆಯ ಮಾಕಳಿಯಲ್ಲಿರುವ ತಮ್ಮ ಹೊಲ ನೋಡಲು ಹೊರಟಾಗ ನಾನೂ ಕಾರು ಹತ್ತಿದೆ. ಅದು ಗೋದಾಮಿಗೆ ಕೊಟ್ಟ ಹೊಲ. ನೆಲ ಮಟ್ಟ ಮಾಡುವ ಯಂತ್ರ ಮರುವಾರ ಬರುವುದಿತ್ತು. ಅವರು ಬೇಲಿಯ ಬಳಿ ಮಾತಾಡುತ್ತಿದ್ದಾಗ ಹೊಂಗೆ ಮರದ ಕೆಳಗೆ ಸಣ್ಣ ದಿಬ್ಬ ಕಂಡೆ. ಮೇಲೊಂದು ಕಲ್ಲು. ತಳ್ಳಿದರೆ ಉರುಳಿ ನಾಲ್ಕು ಹೆಜ್ಜೆ ಆಚೆ ಹೋಗಿ ನಿಂತಿತು. ಎತ್ತಿ ಮತ್ತೆ ಇಡುವ ಗೋಜಿಗೆ ಹೋಗಲಿಲ್ಲ. ಅಡಿಯಲ್ಲಿದ್ದ ಒಂದು ಹಿಡಿ ಕೆಂಪು ಮಣ್ಣನ್ನು ಕರವಸ್ತ್ರಕ್ಕೆ ಕಟ್ಟಿಕೊಂಡು ಬಂದು ಟೀ ಸೋಸುವ ಜಾಲರಿಯಲ್ಲಿ ಸೋಸಿದೆ. ನಯವಾದದ್ದು ಒಂದು ಚಿಟಿಕೆ ಸಿಕ್ಕಿತು, ಒಬ್ಬ ಸಿಪಾಯಿಯ ಬೂಟಿಗೆ ಸರಿಹೋಯಿತು. ಉಳಿದ ಹೆಂಟೆ ಕಸದ ಜೊತೆ ಹೋಯಿತು.

ಆಮೇಲೆ ಆ ಸಿಪಾಯಿ ನನ್ನ ಮಾತು ಕೇಳಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಹನ್ನೆರಡು ಜನರನ್ನು ಕೋಣೆಯತ್ತ ಮುಖ ಮಾಡಿ ನಿಲ್ಲಿಸಿ ಕೆಲಸಕ್ಕೆ ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಹನ್ನೊಂದು ಜನ ಹಾಗೆಯೇ ಇರುತ್ತಿದ್ದರು. ಇವನೊಬ್ಬ ಹೊರಗೆ, ತುಮಕೂರು ರಸ್ತೆಯ ಕಡೆಗೆ ತಿರುಗಿರುತ್ತಿದ್ದ. ಲಾರಿ ಹೋದರೆ ನಮ್ಮ ಕಿಟಕಿ ಅದುರುತ್ತದೆ, ಅದರಿಂದಲೇ ಇರಬೇಕು. ಆದರೆ ಅದೇ ಲಾರಿ ಉಳಿದ ಹನ್ನೊಂದು ಜನರನ್ನು ಏಕೆ ಬಿಟ್ಟಿತು? ಹೆಂಡತಿಯನ್ನು ಕೇಳಿದೆ. "ನಿಮ್ಮ ಪಡೆ ಬಿಟ್ಟು ಓಡಾಕ ನೋಡ್ತಾನ. ಬುದ್ಧಿವಂತ" ಎಂದಳು. ನಾನೂ ನಕ್ಕೆ. ನಕ್ಕರೂ, ಅಂದಿನಿಂದ ಆ ಕೋಣೆಗೆ ಕಾಲಿಡುವ ಮೊದಲು ಕೈ ಚಾಚಿ ದೀಪ ಹಾಕುವುದು ರೂಢಿಯಾಯಿತು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇರುವಾಗ ಗೌರಮ್ಮನವರು ಮೆಟ್ಟಿಲು ಹತ್ತಿ ಬಂದರು. ಅಮಾವಾಸ್ಯೆಯ ದಿನ ಅವರ ಮನೆಯಲ್ಲಿ ತೀರಿಹೋದ ಹಿರಿಯರಿಗೆ ಎಡೆ ಇಡುತ್ತಾರೆ. ಅವರವರಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. "ಬಂದು ಉಂಡ್ಕಂಡು ಓಗ್ಬೇಕು. ನಿಮ್ಗೆ ಬಾಡಿಲ್ದೆ ಬ್ಯಾರೆ ಅಡ್ಗೆ ಮಾಡಿಸ್ತೀನಿ" ಎನ್ನುತ್ತಲೇ ಕಿಟಕಿಯ ಕಡೆ ನೋಡಿ, ಹೊರಗೆ ತಿರುಗಿದ್ದವನನ್ನು ಎತ್ತಿಕೊಂಡರು.

"ಇದ್ಯಾಕಪ್ಪ, ಕಾಲೆಲ್ಲಾ ಮಣ್ಣು ಮಾಡ್ಕಂಡವ್ನೆ?"

"ನಿಮ್ಮ ಹೊಲದ್ದೇ ಅಮ್ಮ" ಎಂದೆ, ಜಂಭದಿಂದ. "ಹೊಂಗೆ ಮರದ ಕೆಳಗೆ ದಿಬ್ಬ ಇತ್ತಲ್ಲ, ಮೇಲಿದ್ದ ಕಲ್ಲು ಉರುಳಿಸಿ ತಗೊಂಡೆ."

ಗೌರಮ್ಮನವರು ಕುರ್ಚಿ ಹಿಡಿದು ಕೂತರು. ದಿಬ್ಬದಡಿ ಇದ್ದದ್ದು ಅವರ ಮೈದುನ ನಿಂಗ. ಇವರು ಸೊಸೆಯಾಗಿ ಬಂದಾಗ ನಾಲ್ಕು ವರ್ಷದ ಮಗು. ತಾಯಿಯಿಲ್ಲದ ಅವನನ್ನು ಇವರೇ ಉಣಿಸಿ ಬೆಳೆಸಿದ್ದರು. ಹತ್ತೊಂಬತ್ತಕ್ಕೆ ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟ. ಒಂದು ಫೋಟೋ ಕೂಡ ಇಲ್ಲ. ಯಂತ್ರದವನಿಗೆ ಇವರು "ಕಲ್ಲಿರೋ ತಾವ ಮಾತ್ರ ಮುಟ್ಬ್ಯಾಡ" ಎಂದು ಕೈಮುಗಿದು ಹೇಳಿದ್ದರು. ಅವನು ಮುಟ್ಟಲಿಲ್ಲ. ಕಲ್ಲು ಉರುಳಿ ನಿಂತಲ್ಲಿ ಒಂದು ಗಜ ನೆಲ ಬಿಟ್ಟು, ಮರ ಕಿತ್ತು, ದಿಬ್ಬವನ್ನು ಮಟ್ಟ ಮಾಡಿ ಕಾಂಕ್ರೀಟು ಹಾಕಿದ. ನಾಲ್ಕು ತಿಂಗಳಿಂದ ಗೌರಮ್ಮನವರು ಬರೀ ನೆಲಕ್ಕೆ ದೀಪ ಹಚ್ಚಿ ಬರುತ್ತಿದ್ದರು.

ಕೂದಲೆಳೆಯಷ್ಟು ತಪ್ಪನ್ನು ಭೂತಗನ್ನಡಿ ಹಿಡಿದು ಹುಡುಕುವ ನನಗೆ ಒಂದು ಗೋರಿ ಕಂಡಿರಲಿಲ್ಲ. "ತಪ್ಪಾಯ್ತು ಅಮ್ಮ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎಲ್ಡು ವರ್ಸದಿಂದ ಅವ್ನ ಮಕಾನೇ ನೆಪ್ಪಿಗೆ ಬರಾಕಿಲ್ಲ ಕಣಪ್ಪ. ಎಂಗ್ ನಗ್ತಿದ್ದ, ಎಂಗ್ ಕರೀತಿದ್ದ, ಒಂದೂ ಇಲ್ಲ. ನಾನೂ ಮರ್ತ್ರೆ ಅವ್ನು ಇದ್ದ ಅನ್ನಾಕೆ ಇನ್ಯಾರವ್ರೆ?" ಎಂದರು. ಆಮೇಲೆ ಸಿಪಾಯಿಯ ಬೂಟನ್ನು ಸೆರಗಿನ ತುದಿಯಲ್ಲಿ ಮುಟ್ಟಿ, "ಅವ್ನ ಮಣ್ಣು ಉಳ್ದಿರೋದು ಇಷ್ಟೇಯ. ಈ ಸಲ ಇವ್ನೇ ಎಡೆಗೆ ಕೂರ್ಲಿ" ಎಂದು ಅವನ ಮುಖವನ್ನು ತಮ್ಮತ್ತ ತಿರುಗಿಸಿ ನೋಡಿದರು. "ಕಣ್ಣೇ ಇಲ್ವಲ್ಲಪ್ಪ? ಕಣ್ಣಿಲ್ದೆ ಮನೆ ದಾರಿ ಎಂಗ್ ಕಂಡ್ಕತಾನೆ? ಬರ್ದ್ಕೊಡು."

ಮರುದಿನ ಬೆಳಿಗ್ಗೆ ಬರೆಯಲು ಕೂತೆ. ಅವರು ಪಕ್ಕದಲ್ಲೇ ಕೂತರು. ಕಣ್ಣು ಹೇಗಿತ್ತು ಎಂದು ಕೇಳಿದೆ, ತಲೆಯಾಡಿಸಿದರು, ಗೊತ್ತಿಲ್ಲವೆಂದು. ನಾಲ್ಕು ಕೂದಲಿನ ಕುಂಚ ಹಿಡಿದು, ಉಸಿರು ಕಟ್ಟಿ, ಬಲಗಣ್ಣು ಇಟ್ಟೆ. ಎಡಗಣ್ಣಿಗೆ ಬರುವಾಗ ಕೈ ನಡುಗಿ ಚುಕ್ಕೆ ಒಂದಿಷ್ಟು ಕೆಳಗೆ ಜಾರಿ, ಆ ಕಣ್ಣು ಕಿರಿದು ಮಾಡಿದ ಹಾಗಾಯಿತು. ಒರೆಸಲು ಒದ್ದೆ ಬಟ್ಟೆಗೆ ಕೈ ಹಾಕಿದೆ. ಗೌರಮ್ಮನವರು ನನ್ನ ಮಣಿಕಟ್ಟು ಹಿಡಿದರು. ಅವರ ಬೆರಳು ತಣ್ಣಗಿತ್ತು.

"ಬ್ಯಾಡ. ಇರ್ಲಿ ಬುಡು."

ಆ ಮುಖವನ್ನೇ ನೋಡುತ್ತ ಕೂತರು. ಭೂತಗನ್ನಡಿಯ ಆಚೆಯಿಂದ ಆ ಸಣ್ಣ ಮುಖ ನೆಟ್ಟಗೆ ನನ್ನನ್ನು ನೋಡುತ್ತಿತ್ತು. ನಮ್ಮಿಬ್ಬರಲ್ಲಿ ಯಾರೂ ಕನ್ನಡಿ ಹಿಡಿದಿರಲಿಲ್ಲ ಎಂಬುದು ಆಗ ಹೊಳೆಯಿತು.

ಅಮಾವಾಸ್ಯೆಯ ಸಂಜೆ ಗೌರಮ್ಮನವರ ನಡುಮನೆಯಲ್ಲಿ ತೀರಿಹೋದ ಅವರ ಯಜಮಾನರ ಫೋಟೋ, ಪಕ್ಕದಲ್ಲಿ ಅಕ್ಕಿಯ ರಾಶಿಯ ಮೇಲೆ ನನ್ನ ಸಿಪಾಯಿ. ಕತ್ತಿ, ಗುರಾಣಿ, ಹಣೆಗೆ ಕುಂಕುಮ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಎಲೆಗೆ ಮುದ್ದೆ, ಬಾಡಿನ ಸಾರು, ಕಜ್ಜಾಯ ಬಡಿಸಿ ಬಾಗಿಲು ಎಳೆದುಕೊಂಡು ಎಲ್ಲರೂ ಪಡಸಾಲೆಯಲ್ಲಿ ನಿಂತೆವು. ಒಳಗೆ ಲೋಟವೊಂದು ಸಣ್ಣಗೆ ಸದ್ದು ಮಾಡಿತು. ಬೆಕ್ಕಿರಬೇಕು ಎನ್ನಲು ಬಾಯಿ ತೆರೆದವನು ಕೈಕಟ್ಟಿ ನಿಂತೆ.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಹೋಗುವುದು ಪದ್ಧತಿ, ಉಣ್ಣುತ್ತಿರುವವರು ಬೆಚ್ಚಬಾರದಲ್ಲ. ಗೌರಮ್ಮನವರ ಮಗ ತಟ್ಟಲು ಕೈ ಎತ್ತಿದ. ಅವರು ಅವನ ತೋಳು ಹಿಡಿದರು.

"ತಡೀಲಾ. ಅವ್ನು ಮೆಲ್ಲಕ್ಕೆ ಉಣ್ಣೋನು. ಮೂಳೆ ಚೀಪ್ಕಂಡು ಚೀಪ್ಕಂಡು, ಎಡಗಣ್ಣು ಕಿರಿದು ಮಾಡ್ಕಂಡು ನನ್ನೇ ನೋಡೋನು. ಬಿರ್ರನೆ ಉಣ್ಣೋ ಅಂತ ಬೈಯ್ತಿದ್ದೆ."

ಹೇಳುತ್ತ ಹೇಳುತ್ತ ಅವರ ಮುಖದಲ್ಲಿ ನಗು ಬಂತು. ಸೊಸೆ ಒಮ್ಮೆ, ಸಾರು ಆರುತ್ತದೆ ಎಂದು ಗೊಣಗಿದಳು. ಬಾಗಿಲು ತಟ್ಟಲು ನಮ್ಮಲ್ಲಿ ಯಾರಿಗೂ ಅವಸರವಿರಲಿಲ್ಲ.